ಘಾಟ್ ಇಳಿಯುವಾಗ ಬ್ರೇಕ್ ಯಾಕೆ ಕೈಕೊಡ್ತದ? ಹಳೇ ಪಿಕಪ್‌ನ ಪೆಡಲ್ ಹೇಳಿದ ಕಥೆ

ಇವತ್ತಿನ ಎಪಿಸೋಡ್ ನಮ್ಮ ಕಾಕಾ ಅವರ ಹಳೇ ಪಿಕಪ್ ಬಗ್ಗೆ. ನಾನು ಓದಿದ್ದು ಬಿ.ಕಾಂ., ಗಾಡಿ ರಿಪೇರಿ ನನ್ನ ವಿಷಯ ಅಲ್ಲ. ಆದ್ರೆ ಹೋದ ಬ್ಯಾಸಗ್ಯಾಗ ಕಂಡ ಒಂದು ಘಟನೆಯಿಂದ ಬ್ರೇಕ್ ಅಂದ್ರೇನು ಅಂತ ಗೊತ್ತಾಯ್ತು.

ಕಾಕಾ ಅಮರಗೋಳದ ಎಪಿಎಂಸಿಯಿಂದ ಉಳ್ಳಾಗಡ್ಡಿ ತುಂಬಿಕೊಂಡು ಅಂಕೋಲಾಕ್ಕೆ ಹೊರಟಿದ್ದರು, ಪಕ್ಕದ ಸೀಟಿನಲ್ಲಿ ನಾನು. ಕಲಘಟಗಿ, ಯಲ್ಲಾಪುರ ದಾಟುವವರೆಗೂ ಬ್ರೇಕ್ ಚೊಲೋ ಇತ್ತು. ಅರಬೈಲ್ ಘಾಟ್ ಇಳಿಯುವಾಗ ಅರ್ಧ ದಾರಿಯಲ್ಲಿ ಪೆಡಲ್ ಮೆತ್ತಗಾಯಿತು. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ. ಕಾಕಾ ಎರಡನೇ ಗೇರ್, ಆಮೇಲೆ ಒಂದನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು, ಹೆಂಗೋ ರಸ್ತೆ ಪಕ್ಕಕ್ಕೆ ನಿಲ್ಲಿಸಿದರು. ಒಂದು ತಾಸು ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ!

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಗಾಲಿಗಳ ಲೈನರ್ ಬದಲಿಸಿ ಬಿಲ್ ಕೊಟ್ಟರು. ಮುಂದಿನ ಟ್ರಿಪ್ಪಿನಲ್ಲಿ ಅದೇ ಘಾಟ್, ಅದೇ ಕಥೆ. ಆಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಪಾನಾ ಮುಟ್ಟುವ ಮೊದಲು ಕೇಳಿದ್ದು ಒಂದೇ: “ಪೆಡಲ್ ಹೆಂಗಾಗಿತ್ರೀ? ಮೆತ್ತಗೋ, ಗಟ್ಟಿನೋ?”

ನೋಡ್ರಿ, ‘ಬ್ರೇಕ್ ಹಿಡೀವಲ್ದು’ ಅನ್ನೋದು ಒಂದೇ ಮಾತು, ಕಾರಣ ಮಾತ್ರ ಬೇರೆ ಬೇರೆ.

ಪೆಡಲ್ ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದ ಮೇಲೆ ಮೇಲಕ್ಕೆ ಬಂದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ಇಲ್ಲವೇ ಲೈನರ್ ಸವೆದು ಅಡ್ಜಸ್ಟ್ ತಪ್ಪಿರಬಹುದು.

ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನ ಕೆಳಗಿಳಿದರೆ ಎಲ್ಲೋ ಸೋರಿಕೆ ಇದೆ. ಗಾಲಿಯ ಒಳಬದಿ ಒದ್ದೆ ಇದೆಯಾ ನೋಡಿ. ಎಲ್ಲೂ ಒದ್ದೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿರಬಹುದು. ಈ ಗಾಡಿಯನ್ನ ಓಡಿಸಲೇಬೇಡಿ.

ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ಮೇಲೆ ಅನುಮಾನ. ಎಂಜಿನ್ ಬಂದ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್, ಡೀಸೆಲ್ ಗಾಡಿಯಾದರೆ ವ್ಯಾಕ್ಯೂಮ್ ಪಂಪ್ ಕೂಡ ಚೆಕ್ ಮಾಡಿಸಿ.

ನಮ್ಮದು ಯಾವುದು? ಸಪಾಟು ರಸ್ತೆಯಲ್ಲಿ ಸರಿ, ಘಾಟ್‌ನಲ್ಲಿ ಮೆತ್ತಗೆ, ತಣ್ಣಗಾದ ಮೇಲೆ ಮತ್ತೆ ಸರಿ. “ಈ ಬ್ರೇಕ್ ಆಯಿಲ್ ಎಷ್ಟು ವರ್ಷದ್ದು?” ಅಂತ ಮೆಕ್ಯಾನಿಕ್ ಕೇಳಿದಾಗ ಕಾಕಾ ಸುಮ್ಮನಾದರು. ಕಡಿಮೆಯಾದಾಗೆಲ್ಲ ಮೇಲಿಂದ ಹಾಕಿದ್ದು ಬಿಟ್ಟರೆ ಹಳೇದನ್ನ ಯಾವತ್ತೂ ತೆಗೆದಿರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶ ಎಳೆದುಕೊಳ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನೋದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿ 230 ಮತ್ತು 155. ಲೋಡ್ ಗಾಡಿ ಬ್ರೇಕ್ ಮೇಲೇ ಘಾಟ್ ಇಳಿದರೆ ಈ ಬಿಸಿ ಬರೋದು ಕಷ್ಟವಲ್ಲ. ಆಯಿಲ್ ಕುದಿದು ಆವಿಯಾಗ್ತದೆ. ದ್ರವ ಕುಗ್ಗೋದಿಲ್ಲ, ಆವಿ ಕುಗ್ತದೆ. ಹಂಗಾಗಿ ನಿಮ್ಮ ಕಾಲಿನ ಬಲವೆಲ್ಲ ಆವಿ ಒತ್ತೋದರಲ್ಲೇ ಹೋಗ್ತದೆ, ಗಾಲಿಗೆ ಮುಟ್ಟೋದಿಲ್ಲ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಮಾತ್ರ, ಬಿಸಿಗೆ ಲೈನರ್ ಹಿಡಿತ ಬಿಟ್ಟಿದೆ ಅಂತ ಅನುಮಾನಿಸಬಹುದಿತ್ತು.

ರಿಪೇರಿ ಸರಳ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಬ್ಲೀಡರ್ ಸಡಿಲಿಸಿ ಹಳೇ ಆಯಿಲ್ ಬಿಡಬೇಕು. ಬ್ಲೀಡರ್ ಬಿಗಿ ಮಾಡಿದ ಮೇಲೇ ಪೆಡಲ್ ಬಿಡಬೇಕು, ಇಲ್ಲದಿದ್ದರೆ ಗಾಳಿ ಒಳಗೆ ಹೋಗ್ತದೆ. ಮೇಲಿನ ಡಬ್ಬಿ ಖಾಲಿಯಾಗಬಾರದು. ಹೊಸ ಆಯಿಲ್ ಬರುವವರೆಗೆ ನಾಲ್ಕೂ ಗಾಲಿಗೆ ಹೀಗೇ. ಮುಚ್ಚಳದ ಮೇಲೆ ಬರೆದ ಡಾಟ್ ನಂಬರಿನದನ್ನೇ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಇಡೀ ಸಿಸ್ಟಮ್ ಹಾಳು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು.

ನನ್ನ ಬಿ.ಕಾಂ. ಲೆಕ್ಕ ಹೇಳ್ತೀನಿ: ಕಾಕಾ ದೊಡ್ಡ ಬಿಲ್ ಕಟ್ಟಿದ್ದು ಇಲ್ಲದ ರೋಗಕ್ಕೆ, ಇದ್ದ ರೋಗ ವಾಸಿಯಾಗಿದ್ದು ಸಣ್ಣ ಬಾಟಲಿ ಆಯಿಲ್‌ನಿಂದ. ಗ್ಯಾರೇಜಿಗೆ ಹೋದಾಗ ‘ಬ್ರೇಕ್ ಇಲ್ಲ’ ಅನ್ನಬೇಡಿ. ಪೆಡಲ್ ಹೆಂಗಿತ್ತು, ಎಲ್ಲಿ, ಎಷ್ಟೊತ್ತಿಗೆ ಅಂತ ಹೇಳಿ.

ಕಾಕಾ ಈಗಲೂ ಅದೇ ಘಾಟ್ ಇಳೀತಾರೆ. ಇಳಿಜಾರು ಶುರುವಾಗೋ ಮೊದಲೇ ಸಣ್ಣ ಗೇರ್ ಹಾಕ್ತಾರೆ. ಈ ಎಪಿಸೋಡನ್ನ ಮನೆಯಲ್ಲಿ ಗಾಡಿ ಓಡಿಸೋರಿಗೆ ಕಳಿಸ್ರಿ. ಮತ್ತ ಸಿಗೋಣು.