ಖೈರಾತಿಯ ಹಾಡು ಎಲ್ಲಿ ಬರೆದಿದೆ?

ಊಟದ ನಂತರದ ಪೀರಿಯಡ್ಡು. ಎರಡನೇ ಮಹಡಿಯ ಕೊಠಡಿ. ಹೊರಗೆ ಬಿಎಂಟಿಸಿ ಬಸ್ಸುಗಳ ಹಾರ್ನು, ಒಳಗೆ ಕಿರುಗುಟ್ಟುತ್ತ ತಿರುಗುವ ಫ್ಯಾನು. ಹಲಗೆಯ ಮೇಲೆ ಹಿಂದಿನ ತರಗತಿಯ ಅರ್ಥಶಾಸ್ತ್ರದ ಗೆರೆಗಳು ಅರೆಬರೆ ಅಳಿಸಿಹೋಗಿವೆ. ಬೆಂಗಳೂರಿನ ಈ ಕಾಲೇಜಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಅಧ್ಯಯನ ಒಂದು ಐಚ್ಛಿಕ ವಿಷಯ. ಆಯ್ದುಕೊಂಡವರು ಇಪ್ಪತ್ತು ಚಿಲ್ಲರೆ ಮಂದಿ. ಕೊನೆಯ ಬೆಂಚಿನಲ್ಲಿ ನನಗೂ ಒಂದು ಜಾಗ. ಮೇಡಂ ಜೆರಾಕ್ಸ್ ಹಾಳೆಗಳನ್ನು ಹಂಚುತ್ತಿದ್ದಾರೆ. 1884ರ ಒಂದು ತೀರ್ಪು, ಅಲಹಾಬಾದ್ ಹೈಕೋರ್ಟಿನದು. ಒಂದು ಕಡೆ ಮಹಾರಾಣಿ, ಇನ್ನೊಂದು ಕಡೆ ಖೈರಾತಿ.

‘ಗಟ್ಟಿಯಾಗಿ ಓದಿ.’

ಮುಂದಿನ ಬೆಂಚಿನ ಹುಡುಗಿ ಓದುತ್ತಾಳೆ. ಹಳೆಯ ಇಂಗ್ಲಿಷಿನ ಉದ್ದುದ್ದ ವಾಕ್ಯಗಳಲ್ಲಿ ಅಲ್ಲಲ್ಲಿ ತಡವರಿಸುತ್ತಾಳೆ. ಹೆಣ್ಣಿನ ಉಡುಗೆ ತೊಟ್ಟು, ಒಂದು ಮನೆಯ ಹೆಂಗಸರ ನಡುವೆ ಹಾಡುತ್ತಿದ್ದ ಖೈರಾತಿಯನ್ನು ಪೊಲೀಸರು ಹಿಡಿದರು. ಸಿವಿಲ್ ಸರ್ಜನ್ನರಿಂದ ಮೈಯ ಪರೀಕ್ಷೆ ಮಾಡಿಸಿದರು. ಮೊರಾದಾಬಾದಿನ ಸೆಷನ್ಸ್ ನ್ಯಾಯಾಧೀಶರು ‘ನಿಸರ್ಗಕ್ಕೆ ವಿರುದ್ಧವಾದ’ ಲೈಂಗಿಕ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನಡಿ ಶಿಕ್ಷೆ ಕೊಟ್ಟರು. ಯಾವಾಗ, ಎಲ್ಲಿ, ಯಾರ ಜೊತೆ ಅಪರಾಧ ನಡೆಯಿತೆಂಬುದು ಆರೋಪದಲ್ಲಿ ಇರಲೇ ಇಲ್ಲ. ಆ ಒಂದು ಕಾರಣಕ್ಕೆ ಹೈಕೋರ್ಟು ಖುಲಾಸೆ ಮಾಡಿತು. ಮಾಡುವಾಗಲೂ ಇಂಥದ್ದನ್ನು ಹತ್ತಿಕ್ಕಬೇಕೆಂಬ ಅಧಿಕಾರಿಗಳ ಆಸೆಯನ್ನು ಮೆಚ್ಚಿಕೊಂಡಿತು.

ಹುಡುಗಿ ಕೂರುತ್ತಾಳೆ. ಮೇಡಂ ಕೇಳುವುದು ಒಂದೇ ಪ್ರಶ್ನೆ: ‘ಖೈರಾತಿ ಯಾವ ಹಾಡು ಹಾಡ್ತಿದ್ರು?’

ಹಾಳೆ ತಿರುವುವ ಸದ್ದು. ವೈದ್ಯರು ಮೈಯಲ್ಲಿ ಏನು ಕಂಡರೆಂಬುದು ಕಾಗದದಲ್ಲಿದೆ. ಹಾಡು ಇಲ್ಲ. ಹಾಸನದ ಕಡೆಯ ಹುಡುಗನೊಬ್ಬ ಎರಡು ಸಲ ಹುಡುಕಿ, ‘ಬರ್ದೇ ಇಲ್ವಲ್ಲ ಮೇಡಂ’ ಎನ್ನುತ್ತಾನೆ. ಅವನ ದನಿಯಲ್ಲಿ ಸಣ್ಣ ಸಿಟ್ಟಿದೆ. ಈ ಸಿಟ್ಟಿನಿಂದಲೇ ಪಾಠ ಶುರುವಾಗುತ್ತದೆಂದು ನನಗನ್ನಿಸಿತು. ಪಠ್ಯದಲ್ಲಿ ಏನಿದೆಯೆಂದು ಓದುವುದನ್ನು ಹನ್ನೆರಡು ವರ್ಷ ಶಾಲೆಯಲ್ಲಿ ಕಲಿತು ಬಂದ ಮಕ್ಕಳು, ಏನಿಲ್ಲವೆಂದು ಓದುವುದನ್ನು ಇಲ್ಲಿ ಕಲಿಯುತ್ತಿದ್ದಾರೆ.

ಮುಂದಿನ ಹಾಳೆ ಇನ್ನೂ ಹಳೆಯದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಅದರ ಎರಡನೇ ಭಾಗ ಹಿಜ್ರಾಗಳಿಗೆಂದೇ ಮಾಡಿದ್ದು. ಪೊಲೀಸರ ಅನುಮಾನಕ್ಕೆ ಗುರಿಯಾದವರ ಹೆಸರು, ವಾಸದ ಜಾಗ ರಿಜಿಸ್ಟರಿಗೆ ಏರಬೇಕು, ಕೇಳಿದರೆ ಆಸ್ತಿಯ ಪಟ್ಟಿಯನ್ನೂ ಕೊಡಬೇಕು. ಹಾಗೆ ಹೆಸರು ಏರಿದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸಜೆ. ಉಯಿಲು ಬರೆಯುವಂತಿಲ್ಲ, ಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಅದರ ಕೆಳಗೇ ಮೇಡಂ ಇನ್ನೊಂದು ಕಾಗದ ಇಡುತ್ತಾರೆ: ಕರ್ನಾಟಕ ಪೊಲೀಸ್ ಕಾಯ್ದೆಯ 36ಎ ಕಲಮು, 2011ರಲ್ಲಿ ಸೇರಿಸಿದ್ದು. ಅದೂ ಹಿಜ್ರಾಗಳ ಹೆಸರು, ವಿಳಾಸಗಳ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿತ್ತು. ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ ಅದಕ್ಕೆ ತಿದ್ದುಪಡಿ ಆಯಿತು. ಎರಡು ಹಾಳೆಗಳ ನಡುವೆ 140 ವರ್ಷ. ಯಾರೋ ಪೆನ್ನು ತೆಗೆದು ಒಂದರ ಕೆಳಗೊಂದು ಗೆರೆ ಎಳೆದು ಹೋಲಿಸುತ್ತಿದ್ದಾರೆ. 2011ರಲ್ಲಿ ಇವರೆಲ್ಲ ಶಿಶುವಿಹಾರಕ್ಕೋ ಒಂದನೇ ಕ್ಲಾಸಿಗೋ ಹೋಗುತ್ತಿದ್ದವರು.

‘ಮೇಡಂ, ನಮ್ಮ ಕಡೆ ಹಂಗಿಲ್ರೀ,’ ಎದ್ದು ನಿಂತವಳು ಕೊಪ್ಪಳದ ಹುಡುಗಿ. ‘ಹುಲಿಗೆಮ್ಮನ ಜಾತ್ರ್ಯಾಗ ಸೀರಿ ಉಟ್ಟ ಜೋಗಪ್ಪಗೋಳು ಕೊಡ ಹೊತ್ಕೊಂಡು ಬಂದ್ರ ನಮ್ಮವ್ವ ಕಾಲಿಗೆ ಬೀಳ್ತಾಳ್ರೀ.’ ಒಂದು ಗಳಿಗೆ ಸುಮ್ಮನಾಗಿ ತಾನೇ ಮುಂದುವರಿಸುತ್ತಾಳೆ: ‘ಆದ್ರ ನಮ್ಮ ಮಾವನ ಮಗ ಸೀರಿ ಉಟ್ಕೊಂಡಾಗ ಬಾಗಲಾ ಹಾಕಿದಾಕಿನೂ ನಮ್ಮವ್ವನ ರೀ.’

ಯಾರೂ ಉತ್ತರ ಕೊಡುವುದಿಲ್ಲ. ಮೇಡಂ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಹಾಕುತ್ತಾರೆ. 2021ರ ನವೆಂಬರ್, ರಾಷ್ಟ್ರಪತಿ ಭವನ. ಬಳ್ಳಾರಿ ಸೀಮೆಯ ಮಾತಾ ಬಿ. ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳಲು ಬರುತ್ತಾರೆ. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ಸೆರಗು ಹಿಡಿದು ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಮನೆಯವರಿಂದ ದೂರವಾಗಿ, ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಭಿಕ್ಷೆ ಬೇಡಿ, ಜೋಗತಿ ಕುಣಿತ ಕಲಿತು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಕೊಪ್ಪಳದ ಹುಡುಗಿ ಇನ್ನೊಮ್ಮೆ ಹಾಕಿರೆಂದು ಕೇಳುತ್ತಾಳೆ. ಎರಡನೇ ಸಲ ಎಲ್ಲರ ಕಣ್ಣೂ ಆ ಸೆರಗಿನ ಮೇಲಿದೆ. ಅಷ್ಟು ದೊಡ್ಡ ಸಭಾಂಗಣದಲ್ಲಿ, ಅಷ್ಟು ಶಿಷ್ಟಾಚಾರದ ನಡುವೆ, ತನ್ನ ಊರಿನ ಹರಸುವ ರೀತಿಯನ್ನು ಬಿಡದ ಆ ಕೈಯಲ್ಲಿ ಎಂಥ ಧೈರ್ಯವಿದೆ!

ತೀರ್ಪುಗಳ ಸಾಲು ಇವರಿಗೆ ಬಾಯಿಪಾಠ. 2009ರಲ್ಲಿ ದೆಹಲಿ ಹೈಕೋರ್ಟು 377ರಿಂದ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟು ಕಿತ್ತುಕೊಂಡಿತು. 2014ರಲ್ಲಿ ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿದ ನಾಲ್ಸಾ, 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದ ನವತೇಜ್ ಜೋಹರ್. ನಡುವೆ 2017ರ ಖಾಸಗಿತನದ ತೀರ್ಪು. ಆಧಾರ್ ವಿಚಾರದಲ್ಲಿ ಕೋರ್ಟು ಮೆಟ್ಟಿಲೇರಿದ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಆ ತೀರ್ಪೇ ಜೋಹರ್ ತೀರ್ಪಿಗೆ ದಾರಿ ಮಾಡಿಕೊಟ್ಟದ್ದು ಎಂದಾಗ ಹಲವರಿಗೆ ಬೆರಗು. ಆದರೆ ತರಗತಿ ಹೆಚ್ಚು ಹೊತ್ತು ನಿಂತದ್ದು 2013ರ ತೀರ್ಪಿನ ಒಂದು ಲೆಕ್ಕದ ಮುಂದೆ. 150 ವರ್ಷಗಳಲ್ಲಿ 377ರ ಕೆಳಗೆ ವಿಚಾರಣೆಗೆ ಒಳಗಾದವರು 200ಕ್ಕೂ ಕಡಿಮೆ, ಹಾಗಾಗಿ ಕಾನೂನನ್ನು ತೆಗೆದುಹಾಕುವಷ್ಟು ಆಧಾರ ಇಲ್ಲ ಎಂಬ ವಾದ ಅದು.

ಹಾಸನದ ಹುಡುಗ ಈಗ ಕೈಯೆತ್ತುತ್ತಾನೆ. ‘ಕೋರ್ಟಿಗೆ ಬಂದವರನ್ನ ಮಾತ್ರ ಎಣಿಸಿದ್ದಾರೆ ಮೇಡಂ. ಸ್ಟೇಷನ್ನಲ್ಲೇ ಮುಗಿದು ಹೋದದ್ದು?’ ಅವನ ಮುಂದೆ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2003ರಲ್ಲಿ ಹೊರತಂದ ವರದಿ ಇದೆ. ಬೆಂಗಳೂರಿನ ಹಿಜ್ರಾಗಳು, ‘ಕೋತಿ’ ಎಂದು ಕರೆದುಕೊಳ್ಳುವ ಹೆಣ್ಣುಭಾವದ ಗಂಡಸರು ಬೀದಿಯಲ್ಲಿ, ಠಾಣೆಯಲ್ಲಿ, ಮನೆಯಲ್ಲಿ ಅನುಭವಿಸಿದ ಹಿಂಸೆಯನ್ನು ತಾವೇ ಹೇಳಿ ಬರೆಸಿದ್ದು. ಎಫ್‌ಐಆರ್ ಆಗದ ಹೊಡೆತಕ್ಕೆ ಕಾನೂನಿನ ಪುಸ್ತಕದಲ್ಲಿ ಲೆಕ್ಕ ಸಿಗದು. ಇಷ್ಟನ್ನು ಯಾರೂ ಹೇಳಿಕೊಡದೆ ಆ ಹುಡುಗ ತಾನಾಗಿ ಕಂಡುಕೊಂಡದ್ದು ನನಗೆ ಬಹಳ ದೊಡ್ಡದೆನಿಸಿತು.

ಇನ್ನೊಂದು ದಿನ ಎಲ್ಲರೂ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಹೊರಟರು. ಅಲ್ಲಿ ‘ಕಮ್ರಾ’ ಎಂಬ ಸಂಗ್ರಹಾಲಯವಿದೆ. ಲೈಂಗಿಕ ಅಲ್ಪಸಂಖ್ಯಾತರ ಬದುಕು, ಹೋರಾಟಕ್ಕೆ ಸೇರಿದ ಕಾಗದಪತ್ರ, ಪತ್ರಿಕಾ ತುಣುಕು, ಕೋರ್ಟಿನ ದಾಖಲೆ, ವಿಡಿಯೊಗಳನ್ನು ಕಾಪಾಡುವ ಜಾಗ. 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆಸ್ ಯೂ’ ಎಂಬ ಸಲಿಂಗಿಗಳ ಬಳಗ ಸೇರತೊಡಗಿದ್ದು, 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸಂಸ್ಥೆ ‘ಸಂಗಮ’ ಹುಟ್ಟಿದ್ದು, 2008ರಲ್ಲಿ ಮೊದಲ ಪ್ರೈಡ್ ಮೆರವಣಿಗೆ ಬೀದಿಗಿಳಿದದ್ದು ತರಗತಿಯಲ್ಲಿ ಬರೀ ಇಸವಿಗಳಾಗಿದ್ದವು. ಇಲ್ಲಿ ಅವು ಕೈಗೆ ಸಿಕ್ಕುವ ಕಾಗದಗಳಾದವು. ಪೊಲೀಸರೋ ವೈದ್ಯರೋ ಬರೆದ ಕಾಗದಗಳನ್ನೇ ಓದಿ ಬಂದ ಮಕ್ಕಳು, ಸಮುದಾಯದವರೇ ತಮ್ಮ ಬಗ್ಗೆ ತಾವು ಬರೆದುಕೊಂಡದ್ದನ್ನು ಬಗ್ಗಿ ಬಗ್ಗಿ ಓದಿದರು. ಬಾಡಿಗೆ ಮನೆ, ಅಮ್ಮನಿಗೆ ಹೇಗೆ ಹೇಳುವುದು, ಪ್ರೀತಿ, ಒಂಟಿತನ, ಮುಂದಿನ ಸಭೆಗೆ ಯಾರು ಬರುತ್ತಾರೆ – ಬದುಕಿನ ಮಾತುಗಳು.

2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದ ತೀರ್ಪಿನ ಮೇಲೆ ತರಗತಿ ಇನ್ನೂ ಇಬ್ಭಾಗ. ಮದುವೆಯೇ ಯಾಕೆ ಬೇಕು ಎನ್ನುವವರು ಕೆಲವರು. ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರೆಂದು ಕೇಳುವವರು ಕೆಲವರು. ಆ ಜಗಳ ಕ್ಯಾಂಟೀನಿನ ಟೀವರೆಗೂ ಹೋಗುತ್ತದೆ. ಸರ್ಕಾರಿ ಕೆಲಸಗಳಲ್ಲಿ ಕರ್ನಾಟಕ 2021ರಲ್ಲಿ ತಂದ ಶೇ 1ರ ಮೀಸಲಾತಿ ಸಾಲದೆಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ.

ಸೆಮಿಸ್ಟರಿನ ಕೊನೆಗೆ ಎಲ್ಲರೂ ಒಂದೊಂದು ಕಿರುಪ್ರಬಂಧ ಬರೆಯಬೇಕು. ಕೊಪ್ಪಳದ ಹುಡುಗಿ ಹುಲಿಗಿಯ ಜೋಗಪ್ಪಗಳ ಪದಗಳನ್ನು ರೆಕಾರ್ಡ್ ಮಾಡುವುದೆಂದು ಹೊರಟಿದ್ದಾಳೆ. ಮೇಡಂ ಕೊಟ್ಟ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಬದಿಗಿಟ್ಟು, ನೋಟ್‌ಬುಕ್ಕಿನ ಹಾಳೆಯಲ್ಲಿ ತಾನೇ ಬರೆದುಕೊಂಡಿದ್ದಾಳೆ: ನಿಮ್ಮ ಹೆಸರು ಹಾಕಬೇಕೋ ಬೇಡವೋ? ಹಾಕುವುದಾದರೆ ಯಾವ ಹೆಸರು? ನಿಮ್ಮ ಪದ ಯಾರ್ಯಾರು ಕೇಳಬಹುದು? ಬೇಡವೆನಿಸಿದರೆ ಅಳಿಸಲು ಯಾವಾಗ ಬೇಕಾದರೂ ಹೇಳಿ. ಅದರ ಕೆಳಗೆ, ಬೇರೆ ಬಣ್ಣದ ಶಾಯಿಯಲ್ಲಿ, ಮಾವನ ಮಗನ ಫೋನ್ ನಂಬರು.