ಏಳು ದಿನಗಳ ಒಳಗೇಣಿ

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಕೂಳೂರಿನ ಕಡೆಗೂ ಲೇಡಿಹಿಲ್ಲಿನ ಕಡೆಗೂ ಹಬ್ಬಿಕೊಂಡಿರುವ ಬಡಾವಣೆಗಳಲ್ಲಿ, ಮಕ್ಕಳು ದುಬಾಯಿಯಲ್ಲೋ ಮಸ್ಕತ್ತಿನಲ್ಲೋ ಉದ್ಯೋಗದಲ್ಲಿದ್ದು ವೃದ್ಧ ತಂದೆತಾಯಿಗಳು ಮಾತ್ರ ಉಳಿದಿರುವ ಮನೆಗಳು ಹಲವು ಉಂಟು. ಅಂಥ ಕೆಲವು ಮನೆಗಳ ಕಪಾಟಿನಲ್ಲಿ, ಜೀವವಿಮೆಯ ಕಾಗದಗಳ ಜೊತೆಗೆ, ವರ್ಷಕ್ಕೆ ಏಳು ದಿನ ಗಿರಿಧಾಮದ ವಸತಿಗೃಹದಲ್ಲಿ ತಂಗುವ ಹಕ್ಕನ್ನು ಕೊಡುವ ಸದಸ್ಯತ್ವಪತ್ರವೂ ಇರುತ್ತದೆ. ಮಗ ರಜೆಗೆ ಬಂದಾಗ ಎಲ್ಲರೂ ಕೂಡಿ ಹೋಗಬೇಕೆಂಬ ಪ್ರೀತಿಯ ಸಂಕಲ್ಪದಿಂದ ಕೊಂಡ ಆ ಹಕ್ಕು, ಮಗನಿಗೆ ರಜೆ ದೊರೆಯದೆಯೋ ತಂದೆಗೆ ಘಾಟಿಯ ಪ್ರಯಾಣ ಒಗ್ಗದೆಯೋ ಬಳಕೆಯಿಲ್ಲದೆ ಉಳಿಯುತ್ತದೆ. ವಾರ್ಷಿಕ ನಿರ್ವಹಣಾ ಶುಲ್ಕವಾದರೋ ತಪ್ಪದೆ ಬರುತ್ತದೆ. ಆಗ ನೆರೆಮನೆಯವರೊಡನೆ, “ಈ ಸಲ ನಮಗೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ರೇ, ನೀವಾದರೂ ಹೋಗಿ ಬನ್ನಿ, ಶುಲ್ಕದಷ್ಟು ಕೊಟ್ಟರೆ ಸಾಕು” ಎಂಬ ಮಾತು ಹುಟ್ಟುತ್ತದೆ. ಹೀಗೆ ಬಾಯಿಮಾತಿನಲ್ಲಿ ಕುದುರುವ ಈ ವ್ಯವಹಾರವು ಸೌಹಾರ್ದದಿಂದ ಆರಂಭವಾಗುವುದಾದ್ದರಿಂದಲೇ ಅದನ್ನು ಶಾಸ್ತ್ರೋಕ್ತವಾಗಿ ನಡೆಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದೇ ವಸತಿಯನ್ನು ಹಲವರು ಕಾಲದ ಮೇರೆಗೆ ಹಂಚಿಕೊಳ್ಳುವ, ಟೈಮ್‌ಶೇರ್ ಎಂದು ಲೋಕದಲ್ಲೆಲ್ಲ ಕರೆಯಲ್ಪಡುವ ಈ ಏರ್ಪಾಟು ಯೂರೋಪಿನಲ್ಲಿ ಬೇರೂರಿದ್ದು 1960ರ ದಶಕದಲ್ಲಿ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ ಸ್ಥಾಪಿತವಾದದ್ದು 1963ರಲ್ಲಿ. ಒಂದೂರಿನ ವಾರವನ್ನು ಮತ್ತೊಂದೂರಿನ ವಾರದೊಡನೆ ವಿನಿಮಯ ಮಾಡಿಕೊಡುವ ಆರ್‌ಸಿಐ ಅಮೆರಿಕದಲ್ಲಿ ಹುಟ್ಟಿದ್ದು 1974ರಲ್ಲಿ. ನಮ್ಮ ದೇಶದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರ ಈ ಮಾರ್ಗದಲ್ಲಿ ನಡೆದವು. ಕ್ಲಬ್ ಮಹೀಂದ್ರದ 25 ವರ್ಷಗಳ ಸದಸ್ಯತ್ವವು ಮಂಗಳೂರಿನವರಿಗೆ ಹೆಚ್ಚು ಪರಿಚಿತ. ಅದರ ಮಡಿಕೇರಿ, ವಿರಾಜಪೇಟೆಗಳ ವಸತಿಧಾಮಗಳು ನಮಗೆ ಕೆಲವೇ ಗಂಟೆಗಳ ಹಾದಿ.

ಇಲ್ಲಿ ಮುಖ್ಯವಾದ ಒಂದು ಭೇದವನ್ನು ಗಮನಿಸಬೇಕು. ಅಮೆರಿಕದಲ್ಲಿ ಅನೇಕರು ವಾರವೊಂದನ್ನು ನೋಂದಾಯಿತ ಪತ್ರದ ಮೂಲಕ ಸ್ಥಿರಾಸ್ತಿಯಾಗಿಯೇ ಕೊಂಡಿರುತ್ತಾರೆ. ನಮ್ಮಲ್ಲಿ ಬಹುಮಟ್ಟಿಗೆ ದೊರೆಯುವುದು ಕರಾರಿನಿಂದ ಹುಟ್ಟಿದ ಸದಸ್ಯತ್ವ, ಅಂದರೆ ತಂಗುವುದಕ್ಕೆ ಮಾತ್ರ ಇರುವ ಪರವಾನಗಿ. 1882ನೆಯ ಇಸವಿಯ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯು ಮೊಟ್ಟಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮಂಗಳೂರನ್ನೊಳಗೊಂಡ ಮದ್ರಾಸೂ, ಕೊಡಗೂ ಸೇರಿದ್ದವೆಂಬುದು ಈ ಸಂದರ್ಭದಲ್ಲಿ ಸ್ಮರಣೀಯ. ಆ ಕಾಯಿದೆಯ 56ನೆಯ ಕಲಮಿನ ಪ್ರಕಾರ, ಬೇರೆ ಉದ್ದೇಶವು ವ್ಯಕ್ತವಾಗಿ ಅಥವಾ ಸೂಚ್ಯವಾಗಿ ತೋರಿಬರದ ಹೊರತು, ಪರವಾನಗಿ ಪಡೆದವನು ಅದನ್ನು ಪರರಿಗೆ ವರ್ಗಾಯಿಸಲಾರ. ಸಾರ್ವಜನಿಕ ವಿನೋದಸ್ಥಳಗಳ ಪ್ರವೇಶಕ್ಕೆ ಮಾತ್ರ ವಿನಾಯಿತಿ. ಆದಕಾರಣ, ಮನೆಯೊಡೆಯರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅವರು ಕೊಡಬಲ್ಲದ್ದು ಅವರ ಕರಾರು ಅವರಿಗೆ ಕೊಟ್ಟಷ್ಟನ್ನೇ ಹೊರತು ಅದಕ್ಕಿಂತ ಹೆಚ್ಚಿನದನ್ನಲ್ಲ.

ತುಳುನಾಡಿನವರಿಗೆ ಈ ತತ್ತ್ವ ಹೊಸದೇನಲ್ಲ. ಶಾಶ್ವತವಾದ ಮೂಲಗೇಣಿ, ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿ, ನಿಶ್ಚಿತ ಅವಧಿಯ ವಾಯಿದೆಗೇಣಿ ಎಂದು ಭೂಮಿಯ ಅನುಭವವನ್ನು ಸೂಕ್ಷ್ಮವಾಗಿ ವಿಂಗಡಿಸಿಟ್ಟ ಜಿಲ್ಲೆಯಿದು. ಮೂಲಗೇಣಿದಾರನ ಕೈಯಿಂದ ಪಡೆದವನು ಒಳಮೂಲಗೇಣಿದಾರ. 1974ರ ಭೂಸುಧಾರಣೆಯು ಕೃಷಿಭೂಮಿಯನ್ನು ಒಕ್ಕಲಿಗೆ ಕೊಡಿಸಿದ ಮೇಲೂ ಪಟ್ಟಣದ ಮನೆನಿವೇಶನಗಳ ಮೂಲಗೇಣಿಯ ತೊಡಕು ಮುಗಿಯದೆ, ಅದಕ್ಕಾಗಿ 2011ರಲ್ಲಿ ಪ್ರತ್ಯೇಕ ಅಧಿನಿಯಮವೊಂದನ್ನೇ ರಚಿಸಬೇಕಾಯಿತು. ಅದರ ಶೀರ್ಷಿಕೆಯಲ್ಲಿಯೇ ಒಳಮೂಲಗೇಣಿದಾರರ ಹೆಸರುಂಟು. ಕಾಗದವಿಲ್ಲದ ಒಳಗೇಣಿಯು ಎಷ್ಟು ಮನೆತನಗಳ ಸ್ನೇಹವನ್ನು ಕೆಡಿಸಿತೆಂಬುದನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಏಳು ದಿನಗಳ ಮಟ್ಟಿಗೆ ಮಡಿಕೇರಿಯ ಕೊಠಡಿಯನ್ನು ಹಿಡಿಯುವವನೂ ಒಬ್ಬ ಒಳಗೇಣಿದಾರನೇ. ಮೂಲದ ಕರಾರನ್ನು ನೋಡದೆ ಅವನು ಹಣ ಕೊಡತಕ್ಕದ್ದಲ್ಲ.

ನೋಡಬೇಕಾದದ್ದು ಬಹಳವಿಲ್ಲ. ಸದಸ್ಯನು ಜೊತೆಯಲ್ಲಿ ಬಾರದಿದ್ದರೂ ಅತಿಥಿಗಳನ್ನು ಕಳುಹಿಸಬಹುದೆ, ಕಳುಹಿಸುವುದಾದರೆ ಹಣ ಪಡೆದು ಕಳುಹಿಸುವುದಕ್ಕೆ ನಿಷೇಧವುಂಟೆ ಎಂಬುದು ಮೊದಲನೆಯ ಪ್ರಶ್ನೆ. ನಿಷೇಧವಿದ್ದಲ್ಲಿ ಅಲ್ಲಿಗೇ ನಿಲ್ಲಿಸಬೇಕು. “ನಮ್ಮ ಸಂಬಂಧಿಕರೆಂದು ಹೇಳಿಬಿಡಿ” ಎಂಬ ಸಲಹೆಯನ್ನು, ಅದು ಎಷ್ಟೇ ಆತ್ಮೀಯರಿಂದ ಬಂದರೂ, ಒಪ್ಪಬಾರದು. ಏಕೆಂದರೆ ಸುಳ್ಳಿನ ಮೇಲೆ ಪಡೆದ ಕೊಠಡಿಯ ಬಾಗಿಲಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ವಾದಿಸುವ ಅವಸ್ಥೆ ಯಾರಿಗೂ ಬೇಡ. ನಿಷೇಧವಿಲ್ಲದಿದ್ದರೆ, ಆ ವರ್ಷದ ಶುಲ್ಕ ಪಾವತಿಯಾಗಿದೆಯೇ ಎಂದು ರಸೀತಿಯಿಂದ ತಿಳಿದು, ಕಾದಿರಿಸಿದ ಪತ್ರದಲ್ಲಿ ತಮ್ಮ ಹೆಸರು ಆಧಾರ್ ಚೀಟಿಯಲ್ಲಿರುವಂತೆಯೇ ಬರೆಯಲ್ಪಟ್ಟಿದೆಯೇ ಎಂದು ನೋಡಿ, ವಸತಿಧಾಮದ ದೂರವಾಣಿಯನ್ನು ತಾವೇ ಹುಡುಕಿ ವಿಚಾರಿಸಿದ ಬಳಿಕವಷ್ಟೇ ಮುಂಗಡವನ್ನು ಬ್ಯಾಂಕಿನ ಮೂಲಕ ಕೊಡುವುದು ಕ್ಷೇಮ. ಅಪರಿಚಿತರೊಡನೆ ವ್ಯವಹರಿಸುವಾಗಲಂತೂ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಪ್ರಯಾಣಕ್ಕೆ ವಿಘ್ನ ಬಂದರೆ ನಷ್ಟ ಯಾರದು ಎಂಬುದನ್ನು ಬರೆದಿಡುವುದು, ನಮ್ಮ ಘಾಟಿಗಳ ಸ್ಥಿತಿಯನ್ನು ಬಲ್ಲವರಿಗೆ, ಅತ್ಯಗತ್ಯವಾಗಿ ತೋರುವುದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡ ಕುಸಿದು ಮಡಿಕೇರಿಗೆ ಹೋಗುವ ಸಂಪಾಜೆಯ ಹೆದ್ದಾರಿ ಮುಚ್ಚಿಹೋಯಿತು. ಅಂಥ ಕಾಲದಲ್ಲಿ ಕೊಠಡಿ ಇದ್ದಲ್ಲಿಯೇ ಇರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಒಡೆಯನು ತಾನು ಮಾತು ತಪ್ಪಲಿಲ್ಲವೆನ್ನುವನು, ಹಿಡಿದವನು ತಾನು ಅನುಭವಿಸಲಿಲ್ಲವೆನ್ನುವನು, ಇಬ್ಬರದೂ ಸತ್ಯವೇ. ವಸತಿಸಂಸ್ಥೆಯ ಮೇಲೆ ದೂರುವುದಕ್ಕೆ ಸದಸ್ಯನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯುಂಟು. ಆದರೆ ವ್ಯಾಪಾರವಾಗಿ ನಡೆಸದ ನೆರೆಯವನ ಮೇಲೆ ಅದೇ ಹಾದಿ ಹಿಡಿಯುವುದು ಸುಲಭವಲ್ಲ. ಅರ್ಧ ಪುಟದ ಒಪ್ಪಂದವೊಂದು, ಇಷ್ಟು ದಿನ ಮೊದಲು ರದ್ದಾದರೆ ಇಷ್ಟು ಹಣ ಹಿಂದಕ್ಕೆ, ದಾರಿ ಮುಚ್ಚಿದರೆ ಸಮಪಾಲು ನಷ್ಟ ಎಂಬುದಾಗಿ ಇಬ್ಬರ ಸಹಿಯೊಡನೆ ಇದ್ದರೆ, ಆಣೆಪ್ರಮಾಣದ ಪ್ರಸಂಗವೇ ಬಾರದು. ಅತಿಥಿಯು ಒಡೆದ ಕನ್ನಡಿಯ ಬೆಲೆಯನ್ನು ಸಂಸ್ಥೆಯು ಸದಸ್ಯನಿಂದ ಕೇಳಬಹುದಾದ್ದರಿಂದ, ಒಡೆಯನ ಹಿತಕ್ಕೂ ಆ ಕಾಗದವೇ ರಕ್ಷೆ.

ಬಾಡಿಗೆಯ ನ್ಯಾಯವಾದ ಪ್ರಮಾಣವನ್ನು ಗೊತ್ತುಮಾಡುವುದು ಕಷ್ಟವಲ್ಲ. ಉದಾಹರಣೆಗೆ 3,00,000 ರೂಪಾಯಿಗೆ 25 ವರ್ಷಗಳ ಹಕ್ಕನ್ನು ಕೊಂಡಿದ್ದರೆ ವರ್ಷಕ್ಕೆ 12,000 ಆಯಿತು. ವಾರ್ಷಿಕ ಶುಲ್ಕ 20,000 ಎಂದಿಟ್ಟುಕೊಂಡರೆ ಒಟ್ಟು 32,000. ಏಳು ರಾತ್ರಿಗಳಿಗೆ ಹಂಚಿದಾಗ ರಾತ್ರಿಗೆ ಸುಮಾರು 4,570 ರೂಪಾಯಿ. ಅದೇ ದಿನಕ್ಕೆ ವಸತಿಧಾಮವು ಸಾಮಾನ್ಯ ಪ್ರವಾಸಿಗಳಿಗೆ ಹೇಳುವ ದರವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಊಟೋಪಚಾರದ ಖರ್ಚು ಬೇರೆ ಎಂಬುದನ್ನೂ, ಮಳೆಗಾಲದ ವಾರಕ್ಕೂ ದಸರೆಯ ವಾರಕ್ಕೂ ಒಂದೇ ಬೆಲೆ ಸಲ್ಲದೆಂಬುದನ್ನೂ ಮರೆಯಬಾರದು. ಒಡೆಯನು ತನ್ನ ಖರ್ಚಿನಷ್ಟನ್ನೇ ಕೇಳುತ್ತಿದ್ದರೆ ಚೌಕಾಸಿಗೆ ಇಳಿಯದೆ ಕೊಡುವುದೇ ಯುಕ್ತ. ವಯಸ್ಸಾದವರು ಬಾಕಿಯಾಗದಂತೆ ಕಟ್ಟಿಕೊಂಡು ಬಂದ ಶುಲ್ಕದಿಂದಲ್ಲವೇ ನಮಗೆ ಆ ಕೊಠಡಿ ದೊರೆಯುತ್ತಿರುವುದು.