ಹಿಮವಿಲ್ಲದ ಊರಿನಲ್ಲಿ ಮಕ್ಕಳ ಚಳಿಗಾಲ

ಕಳೆದ ಧನುರ್ಮಾಸದಲ್ಲಿ ನನ್ನ ಮಗಳು ಕೆನಡಾದ ಟೊರೊಂಟೊ ನಗರದಿಂದ ತನ್ನ ಐದು ವರ್ಷದ ಮಗನೊಡನೆ ಬಸ್ತಿಹಳ್ಳಿಗೆ ಬಂದಿದ್ದಳು. ಎದುರಿನ ತೆಂಗಿನ ಮರಗಳೂ ಕಾಣದಷ್ಟು ಮಂಜು ಕವಿದಿದ್ದ ಒಂದು ಬೆಳಗ್ಗೆ ಆ ಹುಡುಗ ಜಗುಲಿಗೆ ಓಡಿಬಂದು, “ಅಜ್ಜ, ಸ್ನೋ ಎಲ್ಲಿ?” ಎಂದು ಕೇಳಿದ.

ಅವನ ಊರಿನ ಮಕ್ಕಳು ಈ ಕಾಲದಲ್ಲಿ ಹಿಮದ ಉಂಡೆಗಳನ್ನು ಒಂದರ ಮೇಲೊಂದು ಇಟ್ಟು, ಕ್ಯಾರೆಟ್ಟಿನ ಮೂಗು ಸಿಕ್ಕಿಸಿ ಬೊಂಬೆ ಮಾಡುತ್ತಾರೆ, ಅಂಗಾತ ಮಲಗಿ ಕೈಕಾಲು ಆಡಿಸಿ ಹಿಮದಲ್ಲಿ ರೆಕ್ಕೆಗಳ ಗುರುತು ಮೂಡಿಸುತ್ತಾರೆ, ದಿಣ್ಣೆಯಿಂದ ಜಾರುತ್ತಾರೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೂ ಶಾಲೆಯ ಬಿಡುವಿನಲ್ಲಿ ಹೊರಗೇ ಆಡುತ್ತಾರೆ. ನಮ್ಮಲ್ಲಿಯಾದರೋ ತಾಪಮಾನ 14 ಡಿಗ್ರಿಗೆ ಇಳಿದರೆ ಸಾಕು, ಶೀತವಾದೀತೆಂದು ಮಗುವನ್ನು ಒಳಗೆ ಕೂಡಿಹಾಕಿ ಕೈಗೆ ಮೊಬೈಲು ಕೊಡುತ್ತೇವೆ.

ಅದೇ ಪುಷ್ಯಮಾಸದಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನನ್ನು ಉಬ್ಬಸವೆಂದು ಮೂರನೆಯ ಬಾರಿ ನನ್ನ ಬಳಿಗೆ ಕರೆತಂದರು. ಮಗುವನ್ನು ಹೊರಗೆ ಬಿಟ್ಟೇ ಇಲ್ಲವೆಂದು ತಾಯಿ ಕಣ್ಣೀರಿಟ್ಟರು. ವಿಚಾರಿಸಿದಾಗ ತಿಳಿದದ್ದು: ಕಿಟಕಿ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ರಾತ್ರಿಯಿಡೀ ಆ ಕೋಣೆಯಲ್ಲೇ ಇರಿಸಿದ್ದರು. ಮೊದಲೆರಡು ಸಲ ಕಷಾಯ ಕೊಟ್ಟು ಕಳುಹಿಸಿದ ನಾನು ಇದನ್ನು ಕೇಳಿಯೇ ಇರಲಿಲ್ಲ. ಆ ತಪ್ಪು ನನ್ನದು. ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ನಿದ್ರೆಯಲ್ಲಿಯೇ ಪ್ರಾಣ ತೆಗೆಯಬಲ್ಲದು. ನೆಗಡಿಯನ್ನು ತರುವುದು ವೈರಾಣು. ಗಾಳಿಯಾಡದ ಕೋಣೆಯಲ್ಲಿ ಅದು ಒಬ್ಬರಿಂದೊಬ್ಬರಿಗೆ ಸುಲಭವಾಗಿ ದಾಟುತ್ತದೆ.

ಹೇಮಂತ ಋತುವು ದೇಹಬಲದ ಕಾಲವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಹೊರಗಿನ ಶೈತ್ಯದಿಂದ ಒಳಗಿನ ಉಷ್ಣತೆ ಹೊರಹೋಗದೆ ಜಠರಾಗ್ನಿ ಪ್ರಬಲವಾಗುತ್ತದೆ. ರಾತ್ರಿ ದೀರ್ಘವಾದ್ದರಿಂದ ಬೆಳಗಾಗುತ್ತಲೇ ಹಸಿವಾಗುತ್ತದೆಂದು ವಾಗ್ಭಟನೂ ಗುರುತಿಸಿದ್ದಾನೆ. ಆದುದರಿಂದ ಬರಿಹೊಟ್ಟೆಯಲ್ಲಿ ಮಗುವನ್ನು ಆಟಕ್ಕೆ ಕಳುಹಿಸಬಾರದು. ತುಪ್ಪ ಹಾಕಿದ ಬಿಸಿ ರಾಗಿ ಅಂಬಲಿಯನ್ನೋ ರೊಟ್ಟಿಯನ್ನೋ ಕೊಟ್ಟು ಕಳುಹಿಸಿ. ಬಾಲಕರು ವ್ಯಾಯಾಮ ಮಾಡಬಾರದೆಂದೂ ವಾಗ್ಭಟ ಹೇಳಿದ್ದಾನಲ್ಲ ಎಂದು ಓದಿದವರು ಕೇಳಬಹುದು. ಅವನು ನಿಷೇಧಿಸಿದ್ದು ದೇಹವನ್ನು ದಣಿಸುವ ಸಾಧನೆಯನ್ನು, ಆಟವನ್ನಲ್ಲ ಎಂಬುದು ನನ್ನ ತಿಳುವಳಿಕೆ. ಚರಕಸಂಹಿತೆಯು ಮಗುವಿನ ಆಟಿಕೆ ಹಗುರವಾಗಿರಬೇಕು, ಮೊನಚಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು ಎಂದು ವಿವರವಾಗಿಯೇ ತಿಳಿಸುತ್ತದೆ.

ಬಿಸಿಲು ಮೂಡಿದ ಮೇಲೆ ಮೊಮ್ಮಗನನ್ನು ಬಸದಿಗಳ ಕಡೆಗೆ ಕರೆದೊಯ್ದೆ. ಹುಲ್ಲಿನ ಮೇಲೆ ಇಬ್ಬನಿ, ಜೇಡರ ಬಲೆಗಳಲ್ಲಿ ಮುತ್ತು ಪೋಣಿಸಿದಂತೆ ಹನಿಗಳು. ಎಷ್ಟು ಬಲೆಗಳಿವೆಯೆಂದು ಎಣಿಸುವುದೇ ಮೊದಲ ಆಟವಾಯಿತು. ಬಾಯಿಯಿಂದ ಆವಿ ಬಿಡುವುದರಲ್ಲಿ ಯಾರು ಗೆದ್ದರೆಂಬುದು ತೀರ್ಮಾನವಾಗಲಿಲ್ಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲಿಯೇ ಸಾಗುವುದರಿಂದ ನೆರಳು ಉದ್ದ. ಊರ ಮಕ್ಕಳು ಸೇರಿಕೊಂಡು ಒಬ್ಬರ ನೆರಳನ್ನು ಒಬ್ಬರು ತುಳಿಯುವ ಆಟ ಹೂಡಿದರು. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ತಮ್ಮ ಮುಖ ಸೊಟ್ಟಗೆ ಕಾಣುವುದನ್ನು ನೋಡಿ ನಕ್ಕರು. 1133ರಲ್ಲಿ ನಿರ್ಮಾಣವಾದ ಆ ಬಸದಿಯಲ್ಲಿ ಎಷ್ಟು ತಲೆಮಾರಿನ ಮಕ್ಕಳು ಹೀಗೆ ನಕ್ಕಿರಬಹುದೋ!

ಆದರೆ ಅವನಿಗೆ ಹಿಮವನ್ನು ಮರೆಸಿದ್ದು ರಾಗಿ ಕಣದ ಹುಲ್ಲು. ಒಕ್ಕಣೆ ಮುಗಿದು ಹುಲ್ಲು ಇನ್ನೂ ಮೆದೆಗೆ ಏರಿರಲಿಲ್ಲ. ಅದರ ಮೇಲೆ ಹಾರಿ, ಉರುಳಿ, ಹಿಮದಲ್ಲಿ ಮಲಗುವಂತೆಯೇ ಮಲಗಿ ರೆಕ್ಕೆ ಬಡಿದ. ಇದಕ್ಕೆ ಬಿಡುವ ಮೊದಲು ಹಿರಿಯರು ಹುಲ್ಲನ್ನು ಕೋಲಿನಿಂದ ಕೆದಕಿ ನೋಡಬೇಕು. ಕುಡುಗೋಲು ಮರೆತಿರಬಹುದು, ಹಾವು ಸೇರಿರಬಹುದು. ಉಬ್ಬಸವಿರುವ ಮಕ್ಕಳಿಗೆ ಹುಲ್ಲಿನ ಧೂಳು ಸಲ್ಲದು. ಅವರಿಗೆ ಕುಂಟೆಬಿಲ್ಲೆಯೋ ಲಗೋರಿಯೋ ಸಾಕು.

ಟೊರೊಂಟೊ ತಾಯಂದಿರಿಂದ ಕಲಿಯಬೇಕಾದದ್ದೊಂದಿದೆ. ಒಂದೇ ದಪ್ಪ ಸ್ವೆಟರಿನ ಬದಲು ತೆಳುವಾದ ಎರಡು ಮೂರು ಉಡುಪುಗಳನ್ನು ತೊಡಿಸಿ, ಮೈ ಬಿಸಿಯಾದಂತೆ ಒಂದೊಂದಾಗಿ ತೆಗೆಸುತ್ತಾರೆ. ಒದ್ದೆಯಾದುದನ್ನು ಕೂಡಲೇ ಬದಲಿಸುತ್ತಾರೆ. ಬೆವರಿನಿಂದ ನೆನೆದ ಬಟ್ಟೆಯಲ್ಲಿ ಮಗುವನ್ನು ಗಾಳಿಗೆ ಕೂರಿಸಬಾರದು. ಜಾತ್ರೆಯ ರಾತ್ರಿ ಮಗು ಬಯಲಿನಲ್ಲಿ ಮಲಗುವಂತಾದರೆ ತಲೆಗೆ ಟೋಪಿ ಹಾಕಿ, ಮೂಗು ಬಾಯಿ ಮುಚ್ಚದಂತೆ ಹೊದಿಸಿ.

ಎಳ್ಳೆಣ್ಣೆಯ ಅಭ್ಯಂಗ ಈ ಋತುವಿಗೆ ಹಿತ; ಜ್ವರ, ಕಫ, ಅಜೀರ್ಣವಿದ್ದಾಗ ಬೇಡ. ಹಸುಗೂಸುಗಳ ಮೂಗಿಗೆ ಎಣ್ಣೆ ಸುರಿಯುವುದನ್ನೂ ಎದೆಗೆ ಕರ್ಪೂರ ತಿಕ್ಕುವುದನ್ನೂ ದಯವಿಟ್ಟು ನಿಲ್ಲಿಸಿ. ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಕರ್ಪೂರ ಎಳೆಯ ಮಕ್ಕಳಿಗೆ ವಿಷ. ಉಸಿರಾಡುವಾಗ ಪಕ್ಕೆ ಒಳಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ ನನ್ನಂಥವರ ಬಳಿಗೂ ಬರದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಸಂಕ್ರಾಂತಿಯ ಎಳ್ಳುಬೆಲ್ಲ ಚಳಿಗೆ ಉತ್ತಮ ಆಹಾರ. ಆದರೆ ನಾಲ್ಕು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಕೊಬ್ಬರಿ ಚೂರು, ಸಕ್ಕರೆ ಅಚ್ಚಿನ ತುಂಡು ಕೊಡಬೇಡಿ; ಓಡುತ್ತಾ ನಗುತ್ತಾ ತಿನ್ನುವಾಗ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಎಲ್ಲವನ್ನೂ ನುಣ್ಣಗೆ ಕುಟ್ಟಿ, ಕೂರಿಸಿ ತಿನ್ನಿಸಿ.

ಮೊನ್ನೆ ಮೊಮ್ಮಗ ಫೋನಿನಲ್ಲಿ ತನ್ನ ಹಿಮದ ಬೊಂಬೆಯನ್ನು ತೋರಿಸಿ, “ಅಜ್ಜ, ಹುಲ್ಲು ಇದೆಯಾ?” ಎಂದ. ಹಸುಗಳು ತಿಂದು ಮುಗಿಸುವುದರೊಳಗೆ ಬಾ ಎಂದೆ.